ಮೇಷ್ಟ್ರೇ, ಪ್ರಸ್ಥಭೂಮಿ ಅಂದ್ರೇನು?

ಚಿನ್ನದ ಗಣಿಯೂರು ಉರಿಗಾಂನ ಶಾಲೆಯ ಕೋದಂಡಪ್ಪ ಮೇಷ್ಟ್ರಿಗೆ ಆ ಬೆಳಗ್ಗೆ ಉಪ್ಪಿಟ್ಟು ಗಂಟಲಲ್ಲಿ ಇಳಿಯಲಿಲ್ಲ. ಕಾರಣ ಒಂದೇ ಒಂದು ಪದ. ಇನ್‌ಸ್ಪೆಕ್ಟರು ಬರುವ ದಿನ. ಪಾಠ ದಖನ್ ಪ್ರಸ್ಥಭೂಮಿ. ಎತ್ತರದ ಮಟ್ಟಸ ನೆಲಕ್ಕೆ ಪ್ರಸ್ಥಭೂಮಿ ಎನ್ನುತ್ತಾರೆಂದು ಮೇಷ್ಟ್ರಿಗೆ ಗೊತ್ತು. ಯಾಕೆ ಹಾಗೆನ್ನುತ್ತಾರೆಂದು ಅವರಪ್ಪನಿಗೂ ಗೊತ್ತಿರಲಿಲ್ಲ.

ಬಂಗಾರಪೇಟೆಯ ವೆಂಕಟೇಶಪ್ಪ ಮೇಷ್ಟ್ರು ಮೊದಲ ರೈಲಿಗೇ ಬಂದು ಎದುರು ಕೂತು ಪ್ರಾಣ ಹಿಂಡುತ್ತಿದ್ದರು.

“ಪಾಠದಲ್ಲಿ ಒಂದು ಪದ ಹಿಡ್ಕೊಂಡು ಅದರ ಹುಟ್ಟು ಕೇಳ್ತಾರೆ ಕಣ್ರೀ. ನಿನ್ನೆ ನಮ್ಮ ಶಾಲೆಗೆ ಬಂದಾಗ ನಾನು ಬೆಬ್ಬೆಬ್ಬೆ ಅಂದೆ. ‘ನಿಮ್ಮನ್ನ ಬೇರೆ ಕಡೆ ಹಾಕ್ತೀನಿ’ ಅಂದ್ರು. ಇನ್ನೆಲ್ಲಿ? ಹದ್ದಿನಮಿಟ್ಟೆಗೇ!”

ಹದ್ದಿನಮಿಟ್ಟೆ ಎಂದರೆ ಬೂದಿಕೋಟೆಯ ಆಚೆ, ಬಂಡೆಬೆಟ್ಟದ ನೆತ್ತಿಯ ಮೇಲಿನ ಶಾಲೆ. ಬಸ್ಸಿಲ್ಲ. ನೀರು ಬೇಕಾದರೆ ಕೆಳಗಿನ ಬಾವಿಯಿಂದ ಹೊತ್ತು ಹತ್ತಬೇಕು. ಅಲ್ಲಿದ್ದ ಮೇಷ್ಟ್ರು ಸ್ನಾನ ಮಾಡುವುದನ್ನೇ ಮರೆತು ರಜೆ ಹಾಕಿ ಓಡಿಹೋಗಿದ್ದರು.

ಹೆಂಡತಿ ಮುನಿಗಂಗಮ್ಮ ಬಾಗಿಲಿಗೆ ಬಂದಳು. “ಬಿಂದಿಗೆ ಒತ್ತು ಒತ್ತು ನನ್ ಸೊಂಟ ಬಿದ್ದೋಗಿತ್ತು. ಈಗ ಈ ಸ್ಕೂಲ್ ಮನೆ ಬಾಗಿಲ ಮುಂದೇನೇ ನಲ್ಲಿ ಐತೆ. ಇದನ್ನ ಬಿಟ್ಟು ನಾನೆಲ್ಲಿಗೂ ಬರಾಕಿಲ್ಲ. ನೀವು ಮಿಟ್ಟೆಗೆ ಓದ್ರೆ ನಾನು ತವರಿಗೆ ಓಯ್ತೀನಿ, ಅಷ್ಟೇಯ!”

ಮೇಷ್ಟ್ರು ಎದ್ದು ಹೊರಗೆ ಬಂದರು. ನಲ್ಲಿಯ ಬಳಿ ನಿಂತಿದ್ದ ಗಣಿ ಕೆಲಸದ ಪೆರುಮಾಳನನ್ನೇ ಕೇಳಿದರು.

“ಎತ್ತರದ ಜಾಗಾನಾ ಸಾರ್? ಅದು ಮೇಡು. ತಮಿಳಲ್ಲಿ ಮೇಡು.”

“ಬಾಯ್ ಮುಚ್ಚಲಾ ಪೆರುಮಾಳು!” ಪಕ್ಕದ ಮನೆಯ ಪಿಳ್ಳಮ್ಮ ಸಿಡಿದಳು. “ಅದು ಮಿಟ್ಟ. ತೆಲುಗ್ನೋರು ಮಿಟ್ಟ ಅಂದ್ಮೇಲೇನೇ ಆ ಜಾಗ ಎತ್ತರ ಆಗಿದ್ದು!”

ಬಿಂದಿಗೆಗೆ ಬಿಂದಿಗೆ ತಾಗಿತು. ಬಿಡಿಸಲು ಹೋದ ಮೇಷ್ಟ್ರ ಒಗೆದ ಪಂಚೆ ಮೊಣಕಾಲವರೆಗೂ ತೊಯ್ದಿತು. ಹಾಳಾದ ಪ್ರಸ್ಥಭೂಮಿ!

ಒದ್ದೆ ಪಂಚೆಯಲ್ಲೇ ರಾಬರ್ಟ್‌ಸನ್‌ಪೇಟೆಗೆ ಓಡಿದರು. ಅಲ್ಲಿ ಸಂಸ್ಕೃತ ಬಲ್ಲ ಪುರೋಹಿತರು ಕ್ಷೌರಕ್ಕೆ ಕೂತಿದ್ದರು. ಗಲ್ಲದ ಮೇಲೆ ಕತ್ತಿ, ಬಾಯಿ ಬಿಡುವಂತಿಲ್ಲ. ಶಾಲೆಯ ಗಂಟೆ ಹೊಡೆಯುವ ಹೊತ್ತು. ಮೇಷ್ಟ್ರು ನಿಂತಲ್ಲೇ ಕುದಿದರು. ಕೊನೆಗೆ ಪುರೋಹಿತರು ಮುಖ ಒರೆಸಿಕೊಂಡು ಹೇಳಿದರು:

“ಪ್ರ ಅಂದ್ರೆ ಮುಂದಕ್ಕೆ, ಸ್ಥಾ ಅಂದ್ರೆ ನಿಲ್ಲೋದು. ಸುತ್ತಲ ನೆಲಕ್ಕಿಂತ ಎದ್ದು ನಿಂತದ್ದು ಪ್ರಸ್ಥ. ಇಂದ್ರಪ್ರಸ್ಥ ಕೇಳಿಲ್ವೇ?”

ಅದನ್ನೇ ಜಪಿಸುತ್ತಾ ಶಾಲೆ ಮುಟ್ಟಿದಾಗ ಇನ್‌ಸ್ಪೆಕ್ಟರು ಮೇಷ್ಟ್ರ ಕುರ್ಚಿಯಲ್ಲೇ ಕೂತಿದ್ದರು. ಕುತೂಹಲ ತಡೆಯಲಾರದ ವೆಂಕಟೇಶಪ್ಪ ಜಗಲಿಯ ಕಂಬಕ್ಕೆ ಆತು ನಿಂತಿದ್ದರು.

“ಪ್ರಸ್ಥಭೂಮಿ. ಈ ಪದ ಹೇಗೆ ಹುಟ್ಟಿತು ಮೇಷ್ಟ್ರೇ?”

ಕೋದಂಡಪ್ಪ ಒಂದೇ ಉಸಿರಿಗೆ ಒಪ್ಪಿಸಿದರು. ಮೈಮರೆತು ಮೇಡು, ಮಿಟ್ಟಗಳನ್ನೂ ಸೇರಿಸಿದರು. ಇನ್‌ಸ್ಪೆಕ್ಟರ ಹುಬ್ಬು ಮೇಲೇರಿತು.

“ಬಾಯಲ್ಲಿ ಹೇಳಿದ್ರೆ ಸಾಲದು. ತೋರಿಸಿ.”

ತೋರಿಸುವುದೇನನ್ನು? ಕಿಟಕಿಯಾಚೆ ಸೈನೈಡ್ ಗುಡ್ಡ ಕಂಡಿತು. ಚಿನ್ನ ತೆಗೆದ ಮೇಲೆ ಉಳಿದ ಬಿಳಿಪುಡಿಯನ್ನು ವರ್ಷಗಟ್ಟಲೆ ಸುರಿದು ಬೆಳೆದ ಗುಡ್ಡ, ನೆತ್ತಿ ಚಪ್ಪಟೆ. ಮೇಷ್ಟ್ರು ಬೆರಳು ತೋರಿಸಿದರು. ಇನ್‌ಸ್ಪೆಕ್ಟರು ಎದ್ದೇಬಿಟ್ಟರು. “ನಡೀರಿ, ಹತ್ತೋಣ.”

ಅರ್ಧ ಹತ್ತಿದ್ದರೋ ಇಲ್ಲವೋ, ಭರ್ರೆಂದು ಗಾಳಿ ಎದ್ದಿತು. ಅಯ್ಯೋ, ಗಾಳಿಯ ಹೊತ್ತಲ್ಲಿ ಆ ಗುಡ್ಡದ ಹತ್ತಿರ ಉರಿಗಾಂನ ನಾಯಿಯೂ ಸುಳಿಯುವುದಿಲ್ಲ! ಪುಡಿ ಇಳಿದಾಗ ಇಬ್ಬರೂ ಹಿಟ್ಟಿನ ಗಿರಣಿಯಿಂದ ಬಂದವರಂತಿದ್ದರು. ಇನ್‌ಸ್ಪೆಕ್ಟರ ಕನ್ನಡಕವೂ ಬಿಳಿ. ಕೋದಂಡಪ್ಪ ಕಣ್ಣು ಮುಚ್ಚಿ ಮನಸ್ಸಿನಲ್ಲೇ ನಲ್ಲಿಗೆ ಕೈ ಮುಗಿದರು.

ಇನ್‌ಸ್ಪೆಕ್ಟರು ಜೋರಾಗಿ ಸೀನಿದರು. ಆಮೇಲೆ ನಕ್ಕರು.

“ಭೇಷ್! ಹುಟ್ಟಿನ ಸಮೇತ ಪ್ರಸ್ಥಭೂಮಿ ತೋರಿಸಿದ್ರಿ. ಇಂಥ ಮೇಷ್ಟ್ರು ಈ ಗಲ್ಲಿಯಲ್ಲಿ ಯಾಕೆ ಕೊಳೀಬೇಕು? ಹದ್ದಿನಮಿಟ್ಟೆಗೆ ಒಬ್ಬ ಯೋಗ್ಯರನ್ನ ಹುಡುಕ್ತಿದ್ದೆ. ನೀವೇ ಹೋಗಿ.”

“ಸಾರ್, ಉತ್ತರ ಗೊತ್ತಿಲ್ಲದೋರನ್ನಲ್ವೇ ಅಲ್ಲಿಗೆ…”

“ದಡ್ಡರನ್ನ ಕಳಿಸಿದ್ರೆ ಆ ಮಕ್ಕಳ ಗತಿ ಏನ್ರೀ? ಬಂಗಾರಪೇಟೆ ವೆಂಕಟೇಶಪ್ಪನ್ನ ನಿಮ್ಮ ಜಾಗಕ್ಕೆ ಹಾಕ್ತೀನಿ. ಇಲ್ಲಿದ್ದು ಕಲೀಲಿ.”

ಮನೆ ತಲುಪಿದಾಗ ಮುನಿಗಂಗಮ್ಮ ನಲ್ಲಿಯಲ್ಲಿ ನೀರು ಹಿಡಿಯುತ್ತಿದ್ದಳು. “ಏನ್ರೀ, ಉತ್ರ ತಪ್ಪೋಯ್ತಾ?”

“ಸರಿಯಾಗೇ ಹೇಳ್ದೆ ಕಣೆ,” ಎನ್ನುವಾಗ ಮೇಷ್ಟ್ರಿಗೆ ಅಳುವೇ ಬಂತು. ವಿಷಯ ಹೇಳಿ ಮುಗಿಸುವಷ್ಟರಲ್ಲಿ, ಇನ್‌ಸ್ಪೆಕ್ಟರ ಬಾಯಲ್ಲೇ ಸುದ್ದಿ ಕೇಳಿ ಹಿಂದೆಯೇ ಬಂದಿದ್ದ ವೆಂಕಟೇಶಪ್ಪ ನಲ್ಲಿಯನ್ನು ಸವರಿ ಕೇಳಿದರು:

“ನೀರು ದಿನಾ ಬರ್ತದೇನಮ್ಮಾ?”

ಮುನಿಗಂಗಮ್ಮ ತುಂಬಿದ ಬಿಂದಿಗೆ ಎತ್ತಿ ಗಂಡನ ಬಿಳಿ ತಲೆಯ ಮೇಲೆ ದಬದಬನೆ ಸುರಿದಳು.

“ಚೆನ್ನಾಗಿ ನೆನ್ಕಳಿ. ಅಲ್ಲಿ ಸ್ನಾನ ಸಿಕ್ಕಾಕಿಲ್ಲ.”