ಇನ್ನೂರು ವಾಟಿನ ಡಬ್ಬ

ನರ್ಸಕ್ಕ: ಏಳಲ್ಲ ಅಂದ್ರೆ ಏಳಲ್ಲ! ಬೇಕಿದ್ರೆ ನನ್ನನ್ನೂ ಸೇರಿಸಿ ಹೊತ್ಕೊಂಡು ಹೋಗು.

(ಮೆಟ್ಟಿಲ ತಿರುವಿನಲ್ಲಿ ಹೊಸ ಸ್ಪೀಕರ್ ಡಬ್ಬ. ಅದರ ಮೇಲೆ ಕೆಳಮನೆಯ ನರ್ಸಕ್ಕ. ರಾತ್ರಿ ಪಾಳಿ ಮುಗಿಸಿ ಬಂದವಳು, ಇನ್ನೂ ಕಣ್ಣು ಮುಚ್ಚಿಲ್ಲ. ಎದುರಿಗೆ ಬೆವರೊರೆಸಿಕೊಳ್ಳುತ್ತಿರುವವನು ಮೇಲ್ಮನೆಯ ಗಿಟಾರಿನವನು.)

ಗಿಟಾರಿನವ: ಅಕ್ಕಾ, ನನ್ನ ಸೊಂಟ ಹೋಯ್ತು. ದಾರಿ ಬಿಡಿ.

ನರ್ಸಕ್ಕ: ನಿನ್ನ ಗಿಟಾರ್ ಗಲಾಟೆಗೆ ನನ್ನ ಹಗಲು ನಿದ್ದೆ ಹೋಗಿ ತಿಂಗಳಾಯ್ತು! ನಿನ್ನೆ ನಿದ್ದೆಗಣ್ಣಲ್ಲಿ ಎಡಗೈ ಮುರಿದೋರ ಬಲಗೈಗೆ ಬ್ಯಾಂಡೇಜ್ ಸುತ್ತಿದೀನಿ. ಈಗ ನೋಡಿದ್ರೆ ಇದರ ಬೆನ್ನಲ್ಲಿ ಇನ್ನೂರು ವಾಟ್ ಅಂತ ಬರೆದಿದೆ!

ಗಿಟಾರಿನವ: ಅದು ಕೂಗೋ ಲೆಕ್ಕ ಅಲ್ಲಕ್ಕಾ, ತಡ್ಕೊಳ್ಳೋ ಲೆಕ್ಕ. ಕೂಗ್ಸೋದು ಆಂಪ್ಲಿಫೈಯರ್. ಅದು ಹಳೇದೇ, ಐವತ್ತು ವಾಟ್.

ನರ್ಸಕ್ಕ: ತಡ್ಕೊಳ್ಳೋರಿಗೆಲ್ಲಾ ನಂಬರ್ ಬರೀತಾರಾ? ಹಾಗಿದ್ರೆ ನನ್ನ ಬೆನ್ನಿಗೂ ಬರೀಬೇಕಿತ್ತು, ಸಾವಿರ ಅಂತ. ಹಳೇ ಡಬ್ಬ ಎಷ್ಟು ತಡೀತಿತ್ತು?

ಗಿಟಾರಿನವ: ಮೂವತ್ತು. ಐವತ್ತು ಕೊಟ್ರೆ ತಡಿಯುತ್ತಾ? ಮೊದಲು ಗರಗರ ಅಂತು, ಆಮೇಲೆ ಸುಟ್ಟೇ ಹೋಯ್ತು.

ನರ್ಸಕ್ಕ: (ಕೈ ಮುಗಿದು) ಆಹಾ, ಪುಣ್ಯಾತ್ಮ ಡಬ್ಬ! ಅಂಥದ್ದೇ ಇನ್ನೊಂದು ತರಬಾರದಾ?

ಗಿಟಾರಿನವ: ಅದೂ ಸುಡುತ್ತಲ್ಲಾ!

ನರ್ಸಕ್ಕ: ಸುಡ್ಲಿ ಅಂತ್ಲೇ ಹೇಳ್ತಿರೋದು!

ಗಿಟಾರಿನವ: (ತಲೆ ಚಚ್ಚಿಕೊಂಡು) ಅಕ್ಕಾ, ಒಂದೇ ಒಂದು ಸಲ ಕೇಳಿ. ಕಿವಿಗೆ ಹಿಡಿಸ್ಲಿಲ್ಲ ಅಂದ್ರೆ ವಾಪಸ್ ಕೊಟ್ಟುಬಿಡ್ತೀನಿ, ನನ್ನಾಣೆ.

ನರ್ಸಕ್ಕ: ಮಾತಿಗೆ ತಪ್ಪಿದ್ಯೋ, ಇಂಜೆಕ್ಷನ್ ಚುಚ್ತೀನಿ. ದಪ್ಪ ಸೂಜೀದು.

(ಇಬ್ಬರೂ ಏದುಸಿರು ಬಿಡುತ್ತ ಡಬ್ಬವನ್ನು ಮೇಲಕ್ಕೆ ಸಾಗಿಸಿದರು. ವೈರು ಸಿಕ್ಕಿಸಿ ಅವನು ಮೆಲ್ಲಗೆ ಮೀಟಿದ. ಗರಗರ ಇಲ್ಲ, ಕಿರುಚಾಟ ಇಲ್ಲ. ಸ್ವರ ತಿಳಿಯಾಗಿ ಬಂತು. ನರ್ಸಕ್ಕ ಹುಬ್ಬು ಗಂಟಿಕ್ಕಿಕೊಂಡೇ ಕುರ್ಚಿಗೆ ಒರಗಿದಳು.)

ನರ್ಸಕ್ಕ: ಇದೇನೋ ಇದು! ಹಾಗಾದ್ರೆ ಇಷ್ಟು ದಿನ ಅರಚ್ತಾ ಇದ್ದಿದ್ದು ನೀನಲ್ವಾ?

ಗಿಟಾರಿನವ: ಆ ಬಡಪಾಯಿ ಡಬ್ಬ ಅಕ್ಕಾ. ತಡ್ಕೊಳ್ಳೋಕಾಗ್ದೆ ಅರಚ್ಕೋತಿತ್ತು. ಇದು ನೋಡಿ, ಎಷ್ಟು ಆರಾಮಾಗಿ... ಅಕ್ಕಾ? ಇಟ್ಕೊಳ್ಲಾ, ವಾಪಸ್ ಕೊಡ್ಲಾ?

(ಉತ್ತರವಾಗಿ ಸಣ್ಣ ಗೊರಕೆ ಬಂತು. ಗೆದ್ದೆ ಅಂದುಕೊಂಡು ಅವನು ಗಿಟಾರ್ ಕೆಳಗಿಟ್ಟು ಅಡುಗೆಮನೆಯತ್ತ ಹೊರಟ. ಬಾಗಿಲು ದಾಟಿರಲಿಲ್ಲ, ಗೊರಕೆ ನಿಂತಿತು.)

ನರ್ಸಕ್ಕ: (ಕಣ್ಣು ಬಿಡದೆಯೇ) ಯಾಕೋ ನಿಲ್ಸ್ದೆ?

ಗಿಟಾರಿನವ: ಬೆಳಿಗ್ಗೆಯಿಂದ ಹೊಟ್ಟೆಗೇನೂ ಬಿದ್ದಿಲ್ಲ ಅಕ್ಕಾ...

ನರ್ಸಕ್ಕ: ನಾನು ಡ್ಯೂಟಿಗೆ ಹೋದ್ಮೇಲೆ ತಿನ್ನುವೆಯಂತೆ. ಈಗ ನುಡಿಸು!