ಹಿಮದ ದೂರು ಸ್ವೀಕರಿಸುವಾಗ ಊರುಗಳನ್ನು ರಾಜಿ ಮಾಡಿಸಕೂಡದೆಂಬ ಬಗ್ಗೆ

ಕಡಲಾಚೆ ದೂರು ವಿಭಾಗ, ಅಣ್ಣಾ ನಗರ್, ಚೆನ್ನೈ

ಸುತ್ತೋಲೆ ಸಂಖ್ಯೆ: ಕದೂವಿ/ಹಿಮ/ಕುರ್ಚಿ/14

ವಿಷಯ: ಸಿಬ್ಬಂದಿಯು ದೂರು ದಾಖಲಿಸುವ ಬದಲು ಪರಿಹರಿಸಿರುವ ಕುರಿತು.

ಉಲ್ಲೇಖ: ಶ್ರೀಮತಿ ಎಡ್ನಾ ಅವರ ದೂರವಾಣಿ ಕರೆ ಹಾಗೂ ತದನಂತರದ ಬೆಳವಣಿಗೆಗಳು.

ಕೆನಡಾದ ಉತ್ತರ ಭಾಗದ ಟ್ರೌಟ್‌ಹೆಡ್ ಟೌನ್‌ಶಿಪ್‌ನ ಮೇಲಿನ ಹಾಗೂ ಕೆಳಗಿನ ಊರುಗಳೆರಡರ ಹಿಮ ಸಂಬಂಧಿ ದೂರುಗಳನ್ನು ಈ ವಿಭಾಗವು ಸ್ವೀಕರಿಸುತ್ತಿರುವುದು ಸರಿಯಷ್ಟೆ. ವಿಭಾಗದಲ್ಲಿ ಯಾರೂ ಹಿಮ ಕಂಡವರಲ್ಲವೆಂಬುದು ಗುತ್ತಿಗೆಗೆ ಅಡ್ಡಿಯಾಗಿರುವುದಿಲ್ಲ. ಸಿಬ್ಬಂದಿಯೆಲ್ಲರೂ ಕನ್ನಡಿಗರಾದ್ದರಿಂದಲೂ, ದೂರುದಾರರಿಗೆ ಅರ್ಥವಾಗದಿರಲೆಂಬ ಉದ್ದೇಶದಿಂದಲೂ ಕನ್ನಡದಲ್ಲಿ ಈ ಕೆಳಕಂಡಂತೆ ಆದೇಶಿಸಿದೆ:

1. ಹಿಮದ ಆಳವನ್ನು ಅಡಿಗಳಲ್ಲೇ ನಮೂದಿಸತಕ್ಕದ್ದು. ‘ಇಡ್ಲಿ ಪಾತ್ರೆ ಮುಳುಗುವಷ್ಟು’ ಎಂಬ ಅಳತೆಯನ್ನು ರದ್ದುಪಡಿಸಲಾಗಿದೆ.

2. ಮೈನಸ್ ಮೂವತ್ತು ಡಿಗ್ರಿ ಎಂದವರಿಗೆ ‘ಪುಣ್ಯವಂತರು’ ಎನ್ನಕೂಡದು. ಅನುಕಂಪದ ಸಲುವಾಗಿ ದನಿಯಲ್ಲಿ ಲಘು ನಡುಕವಿರತಕ್ಕದ್ದು. ಎಸಿ ಕೆಟ್ಟಿರುವುದರಿಂದ ನಡುಕವನ್ನು ಸಿಬ್ಬಂದಿಯೇ ಭರಿಸತಕ್ಕದ್ದು.

3. ಕರಡಿ ಬಂದ ದೂರಿನಲ್ಲಿ ಕರಡಿಯ ವಾಸಸ್ಥಳದ ಕಾಲಂ ಖಾಲಿ ಬಿಡಕೂಡದು.

4. ಮೇಲಿನ ಟ್ರೌಟ್‌ಹೆಡ್‌ನಲ್ಲಿ ಒಬ್ಬರೇ ವಾಸಿಸುವ ವೃದ್ಧೆ ಎಡ್ನಾ ಅವರು ಕರೆ ಮಾಡಿ, ಬಾಗಿಲು ಹಿಮದಲ್ಲಿ ಹೂತಿದೆ, ಒಲೆಗೆ ಸೌದೆ ಮುಗಿದಿದೆ ಎಂದಿರುತ್ತಾರೆ. ಹಿಮ ತೆಗೆಯುವ ಲಾರಿಯು ತಾನೇ ಹಿಮದಲ್ಲಿ ಸಿಲುಕಿದ್ದ ಕಾರಣ, ನಿಯಮಾನುಸಾರ ‘ವಿಷಾದಿಸುತ್ತೇವೆ’ ಎನ್ನಬೇಕಿತ್ತು. ಆದರೆ ಸಿಬ್ಬಂದಿ ಕುಮಾರಿ ಸರಸ, ಎಡ್ನಾ ಅವರನ್ನು ಒಂದು ಫೋನಿನಲ್ಲಿ ಮಾತಾಡಿಸುತ್ತಲೇ, ಇನ್ನೊಂದರಲ್ಲಿ ಕೆಳಗಿನ ಟ್ರೌಟ್‌ಹೆಡ್‌ನ ಟ್ರ್ಯಾಕ್ಟರ್ ಮಾಲೀಕ ಶ್ರೀ ವಾಲ್ಟರ್ ಅವರಿಗೆ ಕರೆ ಮಾಡಿರುತ್ತಾರೆ. ತಮ್ಮೂರ ಸಮುದಾಯ ಭವನದ ಕುರ್ಚಿಗಳನ್ನು ಒಯ್ದು ಹಿಂದಿರುಗಿಸದ ಊರಿಗೆ ತಾವು ಕಾಲಿಡುವುದಿಲ್ಲವೆಂದು ವಾಲ್ಟರ್ ತಿಳಿಸಿರುತ್ತಾರೆ. ಆಗ ಸರಸ, ಇಂಗ್ಲಿಷ್ ಮರೆತು, “ಕುರ್ಚಿ ಕತೆ ಆಮೇಲೆ ಹೇಳಿ ಮಾರಾಯ್ರೆ. ಅಜ್ಜಿ ಚಳಿಗೆ ಸಾಯ್ತಾ ಇದ್ದಾರೆ, ನೀವು ಮೊದಲು ಹೊರಡಿ” ಎಂದಿರುವುದು ಧ್ವನಿಮುದ್ರಿಕೆಯಲ್ಲಿ ದೃಢಪಟ್ಟಿದೆ. ವಾಲ್ಟರ್ ಅವರಿಗೆ ಕನ್ನಡ ಬಾರದಿದ್ದರೂ ವಿಷಯ ತಲುಪಿರುವುದು ಕಂಡುಬಂದಿದೆ. ಅವರು ಹೊರಟಿರುತ್ತಾರೆ. ಬಾಗಿಲು ತೆರೆಯುವವರೆಗೂ ಸರಸ ಫೋನ್ ಇಟ್ಟಿರುವುದಿಲ್ಲ. ತೆರೆದ ಮೇಲೆ ಊಟದ ಕೋಣೆಗೆ ಹೋಗಿ ಅತ್ತಿರುತ್ತಾರೆ. ಅಳಲು ಪೂರ್ವಾನುಮತಿ ಪಡೆದಿರಲಿಲ್ಲ.

5. ಈಗ ಎರಡೂ ಊರಿನವರು ಪರಸ್ಪರ ಫೋನ್ ಮಾಡಿಕೊಳ್ಳುತ್ತಿದ್ದು, ವಿಭಾಗಕ್ಕೆ ಬರುವ ಕರೆಗಳು ಕುಸಿದಿವೆ. ಇನ್ನು ಮುಂದೆ ಲಿಖಿತ ಅನುಮತಿಯಿಲ್ಲದೆ ಯಾವ ಊರನ್ನೂ ಯಾವ ಊರಿನೊಂದಿಗೂ ಸೇರಿಸಕೂಡದು.

6. ‘ಪಕ್ಕದ ಊರಿನವರು ಬಂದರು’ ಎಂಬ ಕಾಲಂ ಇಲ್ಲದ ಕಾರಣ ಸದರಿ ದೂರನ್ನು ದೂರುದಾರರ ಒಪ್ಪಿಗೆಯಿಲ್ಲದೆ ಮುಕ್ತಾಯಗೊಳಿಸಲು ಬರುವುದಿಲ್ಲ. ಆದ್ದರಿಂದ ಶಿಸ್ತುಕ್ರಮವಾಗಿ, ಒಪ್ಪಿಗೆ ದೊರೆಯುವವರೆಗೆ ಸರಸ ಪ್ರತಿದಿನ ಎಡ್ನಾ ಅವರಿಗೆ ಕರೆ ಮಾಡಿ ವಿಚಾರಿಸತಕ್ಕದ್ದು. ಹಿಮವೆಲ್ಲ ಕರಗಿದ್ದರೂ, ಯೋಚಿಸಿ ನಾಳೆ ಹೇಳುವುದಾಗಿ ಎಡ್ನಾ ತಿಳಿಸುತ್ತಿದ್ದಾರೆ.

ಸಹಿ/-
(ಕಾಂತಪ್ಪ)
ವಿಭಾಗಾಧಿಕಾರಿ

ಪ್ರತಿಗಳು:
ಟೌನ್‌ಶಿಪ್ ಕಚೇರಿಗೆ, ಅನುವಾದವಿಲ್ಲದೆ.
ಲಾರಿ ಚಾಲಕರಿಗೆ, ಲಾರಿ ಚಾಲೂ ಆದ ಬಳಿಕ.
ಕುಮಾರಿ ಸರಸ ಅವರಿಗೆ, ಇಂದಿನ ಕರೆ ಮುಗಿದ ನಂತರ.