ರಗ್ಗಿನಾಚೆಯ ಕಾಲು

ಹೊಳೆನರಸೀಪುರದ ಒಂದು ಸಣ್ಣ ಶುಗರ್ ಕ್ಲಿನಿಕ್ಕಿನಲ್ಲಿ ನಾನು ನರ್ಸು. ಇಲ್ಲಿಗೆ ಬರುವವರ ಮೈಯಲ್ಲಿ ಸಕ್ಕರೆಗಿಂತ ಭಯವೇ ಜಾಸ್ತಿ. ಆ ಭಯಕ್ಕೆ ಅವರು ಮಾಡುವುದನ್ನೆಲ್ಲ ನೋಡಿ ದಿನಾ ನಗು ಬರುತ್ತದೆ. ನಕ್ಕಿದ್ದಕ್ಕೆ ಮನೆಗೆ ಹೋದ ಮೇಲೆ ಸಂಕಟವಾಗುತ್ತದೆ.

೧. ಮೇಷ್ಟ್ರ ಪರೀಕ್ಷೆ

ರಿಟೈರಾದ ಮೇಷ್ಟ್ರೊಬ್ಬರು ರಕ್ತ ಕೊಡುವ ಮೂರು ದಿನ ಮುಂಚೆ ಅನ್ನ ಬಿಟ್ಟು ಮೆಂತ್ಯದ ನೀರು ಕುಡಿದುಕೊಂಡಿರುತ್ತಿದ್ದರು. ರಿಪೋರ್ಟು ಚೆನ್ನಾಗಿ ಬರುತ್ತಿತ್ತು. ಮರುದಿನವೇ ಒಬ್ಬಟ್ಟು. ಈ ಸಲ ಡಾಕ್ಟರು ಮೂರು ತಿಂಗಳ ಸರಾಸರಿ ತೋರಿಸುವ ಪರೀಕ್ಷೆ ಮಾಡಿಸಿದರು. ಬಣ್ಣ ಬಯಲಾಯಿತು. ಮೇಷ್ಟ್ರು ಕಾಗದವನ್ನು ಡಾಕ್ಟರ ಮೇಜಿನ ಮೇಲಿಟ್ಟರು.

"ಮೂರು ತಿಂಗಳದ್ದೂ ಕೇಳ್ತೀರಿ ಅಂತ ಮೊದಲೇ ಹೇಳ್ಬೇಕಿತ್ತು ಸಾರ್. ಸಿಲಬಸ್ ಹೇಳದೆ ನಾನ್ಯಾವತ್ತೂ ಪರೀಕ್ಷೆ ಕೊಟ್ಟೋನಲ್ಲ."

೨. ಕವರು

ಅರಕಲಗೂಡಿನ ಕಡೆಯ ರೈತರೊಬ್ಬರು ರಿಪೋರ್ಟಿನ ಕವರು ತೆಗೆದುಕೊಂಡು ಹೋದವರು ತಿಂಗಳಾದರೂ ಡಾಕ್ಟರಿಗೆ ತೋರಿಸಲಿಲ್ಲ. ಫೋನು ಮಾಡಿದೆ. ಬಿಚ್ಚದೆ ದೇವರ ಪಟದ ಹಿಂದೆ ಇಟ್ಟಿದ್ದಾರಂತೆ.

"ದಿನಾ ಕೈ ಮುಗೀತಾ ಇವ್ನಿ ಕಣಮ್ಮ. ವಸಿ ಕಮ್ಮಿ ಆಗ್ಲಿ, ಆಮ್ಯಾಕೆ ಬಿಚ್ತೀನಿ."

೩. ಪಿನ್ನು

ಚನ್ನರಾಯಪಟ್ಟಣದ ತೆಂಗಿನಕಾಯಿ ವ್ಯಾಪಾರಿಯೊಬ್ಬರ ಹೆಂಡತಿಗೆ, ಇದೇ ಕಾಯಿಲೆಯಿಂದ ಅಣ್ಣನ ಕಾಲು ಮರಗಟ್ಟಿ ಅದನ್ನು ತೆಗೆದ ಮೇಲೆ, ತನ್ನ ಕಾಲಿನದೇ ಚಿಂತೆ. ಬೆಳಿಗ್ಗೆ ಕಣ್ಣು ಬಿಟ್ಟ ತಕ್ಷಣ ಪಾದಕ್ಕೆ ಪಿನ್ನು ಚುಚ್ಚಿ, ನೋವಾದರೆ ಸಮಾಧಾನ ಪಡುತ್ತಿದ್ದರು. ಹುಣ್ಣಾಗುತ್ತದೆ, ಬೇಡ ಎಂದು ಬೈದರೂ ಕೇಳಲಿಲ್ಲ. ಯಜಮಾನರಿಗೂ ಸಕ್ಕರೆ ಇತ್ತು, ಚಿಂತೆ ಇರಲಿಲ್ಲ. ಇವಳಿಗೆ ಭಯವೇ ಕಾಯಿಲೆ ಎಂದು ನಗುತ್ತಿದ್ದರು.

ಒಂದು ದಿನ ಆಕೆ ಅಳುತ್ತಾ ಬಂದರು, ಯಜಮಾನರೂ ಜೊತೆಗಿದ್ದರು. ಮೂರು ಸಲ ಚುಚ್ಚಿದರೂ ನೋವೇ ಆಗಲಿಲ್ಲವಂತೆ. ಆಕೆಯ ಎರಡೂ ಪಾದ ಮುಟ್ಟಿ ನೋಡಿದೆ. ಎಲ್ಲೆಲ್ಲೂ ಸ್ಪರ್ಶ ಚೆನ್ನಾಗಿತ್ತು, ಹೊಸ ಗಾಯವೂ ಇರಲಿಲ್ಲ. ಹೇಗೆ ಚುಚ್ಚಿದಿರಿ ಎಂದೆ. ನಿದ್ದೆಗಣ್ಣಲ್ಲಿ, ರಗ್ಗಿನಾಚೆ ಇದ್ದ ಕಾಲಿಗೆ, ಎಂದರು. ಗಂಡ ಹೆಂಡತಿ ಹೊದೆಯುವುದು ಒಂದೇ ರಗ್ಗು.

ಯಜಮಾನರು ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ. ಯಜಮಾನರ ಚಪ್ಪಲಿ ಬಿಡಿಸಿ ನೋಡಿದರೆ ಅಂಗಾಲಿನಲ್ಲಿ ಮೂರು ಚುಕ್ಕೆ ರಕ್ತ ಒಣಗಿತ್ತು. ಆಮೇಲೆ ಯಾರೂ ನಗಲಿಲ್ಲ.

ನಿದ್ದೆಯಲ್ಲಿ ಗೊತ್ತಾಗಿಲ್ಲ ಅಷ್ಟೇ ಎಂದು ಯಜಮಾನರು ಕುರ್ಚಿಯಲ್ಲಿ ಕೂತು ಕಾಲು ಚಾಚಿದರು. ಗೋಡೆ ಕಡೆ ಮುಖ ತಿರುಗಿಸಿ ಕಣ್ಣು ಮುಚ್ಚಿಕೊಂಡರು. ನಾನು ಬೇಡ ಎನ್ನುವಷ್ಟರಲ್ಲಿ ಆಕೆ ಸೆರಗಿನ ಪಿನ್ನು ತೆಗೆದಿದ್ದರು.

"ಹೂಂ, ಚುಚ್ಚು ಮತ್ತೆ," ಎಂದರು ಯಜಮಾನರು.

"ಆಗ್ಲೇ ಚುಚ್ಚಾಯ್ತು ಕಣ್ರೀ."